ಅಮೆರಿಕದ ಯುದ್ಧ, ಧಾರವಾಡದ ಹತ್ತಿ

ಶಾಲೆಗೆ ಹೋಗುವ ನಮ್ಮ ಮಕ್ಕಳು ಇತಿಹಾಸದ ಪುಸ್ತಕ ತೆರೆದು ಕುಳಿತಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿಯೂ ಒಂದೇ. ಭಾರತಕ್ಕೆಂದು ಹೊರಟ ಕೊಲಂಬಸನು ಅಮೆರಿಕ ಮುಟ್ಟಿದ್ದು ಹೇಗೆ? ಬೋಸ್ಟನ್ನಿನಲ್ಲಿ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದದ್ದೇಕೆ? ಲಿಂಕನ್ನನು ಯುದ್ಧ ಮಾಡಿದ್ದು ಗುಲಾಮರ ಬಿಡುಗಡೆಗಾಗಿಯೇ? ಇವಕ್ಕೆಲ್ಲ ಗೈಡುಗಳಲ್ಲಿ ಎರಡು ಮೂರು ಸಾಲಿನ ಉತ್ತರ ಸಿದ್ಧವಾಗಿರುತ್ತದೆ. ಬಾಯಿಪಾಠ ಮಾಡಿದರೆ ಅಂಕಗಳೂ ಬೀಳುತ್ತವೆ. ಆದರೆ ಪುಸ್ತಕ ಮುಚ್ಚುವ ಹೊತ್ತಿಗೆ ಬರುವ ಇನ್ನೊಂದು ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿಲ್ಲ. ಅಪ್ಪನ ಊರು ಧಾರವಾಡ, ಅಮ್ಮನ ಊರು ಕುಮಟಾ, ನಾವಿರುವುದು ಬಾಂದ್ರಾದಲ್ಲಿ. ಈ ಅಮೆರಿಕದ ಚರಿತ್ರೆ ನಮಗೇಕೆ?

ಓದಲು ಬೇಸರವಾದ ಹುಡುಗನ ಕುಂಟುನೆಪ ಇದು ಎಂದು ಗದರಿಸಿ ಕೂರಿಸುವವರೇ ಹೆಚ್ಚು. ಆದರೆ ಹುಡುಗನ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಅಡಗಿದೆ. ಧಾರವಾಡ, ಕುಮಟಾ, ಮುಂಬಯಿ ಈ ಮೂರು ಊರುಗಳನ್ನು ಒಂದೇ ನೂಲಿನಲ್ಲಿ ಪೋಣಿಸಿದ ಸಂಗತಿಗಳಲ್ಲಿ ಅಮೆರಿಕದ ಒಂದು ಯುದ್ಧವೂ ಸೇರಿದೆ. ಆ ನೂಲು ಹತ್ತಿಯ ನೂಲು. ಅದನ್ನು ಬಿಡಿಸಿ ಹೇಳುವ ಮೊದಲು ಚಿಕ್ಕ ಪ್ರಶ್ನೆಗಳನ್ನು ಮುಗಿಸಿಬಿಡೋಣ.

ಕೊಲಂಬಸನ ವಿಷಯ ಎಲ್ಲರೂ ಬಲ್ಲದ್ದೇ. 1492ರ ಅಕ್ಟೋಬರ್ 12ರಂದು ಅವನು ಕಂಡದ್ದು ಇಂದಿನ ಬಹಾಮಾ ದ್ವೀಪಗಳಲ್ಲಿ ಒಂದನ್ನು. ಅದನ್ನು ಇಂಡೀಸ್ ಎಂದು ಬಗೆದು ಅಲ್ಲಿಯ ಜನರನ್ನು ಇಂಡಿಯನ್ನರೆಂದು ಕರೆದ. ನಿಜವಾದ ಇಂಡಿಯಾಕ್ಕೆ ಸಮುದ್ರದ ದಾರಿ ಸಿಕ್ಕಿದ್ದು 1498ರಲ್ಲಿ, ಕಲ್ಲೀಕೋಟೆಗೆ ಬಂದ ವಾಸ್ಕೋ ಡ ಗಾಮನಿಗೆ. ಅಲ್ಲಿಂದ ಮುಂದಿನ ಕಥೆಯಲ್ಲಿ ನಮ್ಮ ಬಾಂದ್ರಾ ಇದೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಶಹನು ವಸಯಿಯನ್ನೂ ಸುತ್ತಲಿನ ದ್ವೀಪಗಳನ್ನೂ ಪೋರ್ತುಗೀಜರಿಗೆ ಬಿಟ್ಟುಕೊಟ್ಟ. ಲ್ಯಾಂಡ್ಸ್ ಎಂಡಿನ ತುದಿಯಲ್ಲಿ ಸಂಜೆಯ ಗಾಳಿಗೆ ಹೋಗುವವರು ನೋಡುವ ಹಾಳು ಕೋಟೆ ಅವರೇ 1640ರಲ್ಲಿ ಕಟ್ಟಿಸಿದ್ದು. ಈ ಪೋರ್ತುಗೀಜರ ಹಡಗುಗಳೇ ಅಮೆರಿಕ ಖಂಡದ ಗೇರು, ಪೇರಲ, ಪಪ್ಪಾಯಿ, ಅನಾನಸುಗಳನ್ನು ನಮ್ಮ ಕರಾವಳಿಗೆ ತಂದವು. ಮೆಣಸಿನಕಾಯಿಯೂ ಹಾಗೆಯೇ ಬಂದದ್ದು. ಕರಿಮೆಣಸಿನ ಹೆಸರನ್ನೇ ಅದಕ್ಕೆ ಇಟ್ಟು ನಾವು ಅದನ್ನು ಎಷ್ಟು ನಮ್ಮದಾಗಿ ಮಾಡಿಕೊಂಡೆವೆಂದರೆ, ಬ್ಯಾಡಗಿ ಮೆಣಸಿನಕಾಯಿಯ ಮೂಲ ಬ್ಯಾಡಗಿಯಲ್ಲ ಎಂದರೆ ನಮ್ಮ ಮನೆಯ ಹಿರಿಯರು ಒಪ್ಪಲಾರರು. ಇರಲಿ.

ಬೋಸ್ಟನ್ನಿನ ಚಹದ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೇಳಬೇಕು. 1773ರ ಡಿಸೆಂಬರ್ 16ರ ರಾತ್ರಿ ನೀರಿಗೆ ಬಿದ್ದ 342 ಪೆಟ್ಟಿಗೆಗಳಲ್ಲಿ ಇದ್ದದ್ದು ಚೀನದ ಚಹ. ಆದರೆ ಅದರ ಮಾಲಿಕರು ಈಸ್ಟ್ ಇಂಡಿಯಾ ಕಂಪನಿಯವರು. ಮುಂಬಯಿಯ ಕೋಟೆಯಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದ ಅದೇ ಕಂಪನಿ! ಸಾಲದಲ್ಲಿ ಮುಳುಗುತ್ತಿದ್ದ ಅದನ್ನು ಎತ್ತಿ ನಿಲ್ಲಿಸಲು ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಏರ್ಪಾಡೇ ಅಮೆರಿಕದವರ ಕೋಪಕ್ಕೆ ಕಾರಣವಾಯಿತು; ತಮ್ಮನ್ನು ಕೇಳದೆ ಹಾಕಿದ ತೆರಿಗೆಯನ್ನು ಕೊಡೆವು ಎಂದರು. ಸರಿಯಾಗಿ ಒಂದು ವರ್ಷದ ಮೇಲೆ, 1774ರ ಡಿಸೆಂಬರಿನಲ್ಲಿ, ಮುಂಬಯಿಯ ಇಂಗ್ಲಿಷರು ಠಾಣೆಯ ಕೋಟೆಯನ್ನು ಮರಾಠರಿಂದ ಕಿತ್ತುಕೊಂಡರು. ಅದರೊಡನೆ ಸಾಷ್ಟಿ ದ್ವೀಪ, ಅಂದರೆ ಬಾಂದ್ರಾದಿಂದ ಉತ್ತರಕ್ಕಿರುವ ನಮ್ಮ ಉಪನಗರಗಳೆಲ್ಲ, ಅವರ ಕೈಸೇರಿತು. ಅದುವರೆಗೆ ಮಾಹಿಮ್ ಖಾಡಿಯೇ ಗಡಿ. 1661ರ ವಿವಾಹ ಕರಾರಿನಲ್ಲಿ ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಹೋದದ್ದು ಖಾಡಿಯ ಆಚೆಯ ಮುಂಬಯಿ ಮಾತ್ರ. ಈಚೆಯ ಬಾಂದ್ರಾ ಪೋರ್ತುಗೀಜರಲ್ಲಿಯೇ ಉಳಿದು, 1730ರ ದಶಕದ ಕೊನೆಯಲ್ಲಿ ಮರಾಠರಿಗೆ ದಕ್ಕಿತ್ತು.

1775ರಿಂದ 1783ರವರೆಗೆ ಅಮೆರಿಕದಲ್ಲಿ ಸ್ವಾತಂತ್ರ್ಯಯುದ್ಧ ನಡೆದಾಗ ಇಂಗ್ಲಿಷರು ಇಲ್ಲಿ ಮೊದಲು ಮರಾಠರೊಡನೆಯೂ 1780ರಿಂದ ನಮ್ಮ ಹೈದರಾಲಿಯೊಡನೆಯೂ ಹೆಣಗುತ್ತಿದ್ದರು. ಶತ್ರುವಿನ ಶತ್ರು ಮಿತ್ರ ಎಂಬ ಮಾತು ಅಟ್ಲಾಂಟಿಕ್ ಸಾಗರದ ಆಚೆಯೂ ನಡೆಯಿತು. ಪೆನ್ಸಿಲ್ವೇನಿಯ ಸಂಸ್ಥಾನದವರು ತಮ್ಮ ಕೊಲ್ಲಿಯ ಕಾವಲಿಗೆ ಸಜ್ಜುಗೊಳಿಸಿದ ಒಂದು ಹಡಗಿಗೆ 'ಹೈದರ್ ಆಲಿ' ಎಂದೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಅದು ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ತನಗಿಂತ ಬಲಿಷ್ಠವಾದ 'ಜನರಲ್ ಮಂಕ್' ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು ಸೆರೆಹಿಡಿಯಿತು. ಶ್ರೀರಂಗಪಟ್ಟಣದ ದೊರೆಯ ಹೆಸರು ಫಿಲಡೆಲ್ಫಿಯದವರ ಬಾಯಲ್ಲಿ ಆಡುತ್ತಿತ್ತು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕಾದ ಸಂಗತಿ. ಇದರ ಮರುಪಾವತಿಯೂ ಆಯಿತೆನ್ನಬೇಕು: 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಕಾರ್ನ್‌ವಾಲಿಸನೇ ಐದು ವರ್ಷಗಳ ಮೇಲೆ ಗವರ್ನರ್ ಜನರಲ್ಲನಾಗಿ ಇಲ್ಲಿಗೆ ಬಂದ. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ, ಟೀಪೂವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ತೆಗೆದುಕೊಂಡ. ಅಮೆರಿಕದಲ್ಲಿ ಕಳೆದ ಮಾನವನ್ನು ಕನ್ನಡ ನಾಡಿನಲ್ಲಿ ಸಂಪಾದಿಸಿದ ಈ ಮಹಾಶಯನ ಪ್ರತಿಮೆಯನ್ನು ಭಾಯಖಳಾದ ರಾಣಿಬಾಗಿನ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನೋಡಬಹುದು. ಮಕ್ಕಳನ್ನು ಪ್ರಾಣಿಗಳನ್ನು ತೋರಿಸಲು ಕರೆದೊಯ್ದಾಗ ಇವನನ್ನೂ ತೋರಿಸಬೇಕು.

ಇನ್ನು ಲಿಂಕನ್ನನ ಪ್ರಶ್ನೆ. ನಮ್ಮ ಹತ್ತಿಯ ನೂಲು ಇಲ್ಲಿಂದ ಸುರುವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯ ಲೋಕಕ್ಕೆಲ್ಲ ಬಟ್ಟೆ ನೇಯುತ್ತಿತ್ತು. ಅಲ್ಲಿ ಒಂದು ಎಳೆ ಹತ್ತಿಯೂ ಬೆಳೆಯದು. ಅದರ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಭಾಗಕ್ಕೂ ಹೆಚ್ಚು ಬರುತ್ತಿದ್ದುದು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ. ಆ ಹತ್ತಿಯನ್ನು ಬಿತ್ತಿ, ಕಳೆ ತೆಗೆದು, ಬಿಡಿಸುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದವರ ಸಂತತಿಯ ಗುಲಾಮರು; 1860ರ ಜನಗಣತಿಯಲ್ಲಿ ಅವರ ಸಂಖ್ಯೆ 40 ಲಕ್ಷದ ಹತ್ತಿರ. ಎಲೈ ವ್ಹಿಟ್ನಿ ಎಂಬವನು 1793ರಲ್ಲಿ ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ನು ಕಂಡುಹಿಡಿದಾಗ ಮನುಷ್ಯರ ಕೆಲಸ ಹಗುರಾದೀತು ಎಂದು ಯಾರಾದರೂ ತಿಳಿಯಬಹುದು. ಆದದ್ದು ತದ್ವಿರುದ್ಧ. ಜಿನ್ನು ಬಂದುದರಿಂದ ಹತ್ತಿ ಬೆಳೆದಷ್ಟೂ ಲಾಭವೆಂದಾಗಿ, ಇನ್ನಷ್ಟು ಭೂಮಿ, ಇನ್ನಷ್ಟು ಗುಲಾಮರು ಬೇಕಾದರು. ಯಂತ್ರ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಗುಲಾಮಗಿರಿ ಹೊಸ ಪ್ರಾಂತಗಳಿಗೆ ಹರಡಕೂಡದು ಎಂಬ ಪಕ್ಷದ ಲಿಂಕನ್ನನು 1860ರ ನವೆಂಬರಿನಲ್ಲಿ ಅಧ್ಯಕ್ಷನಾಗಿ ಆರಿಸಿಬಂದ. ದಕ್ಷಿಣ ಸಂಸ್ಥಾನಗಳು ಒಂದೊಂದಾಗಿ ಒಕ್ಕೂಟದಿಂದ ಹೊರಬಿದ್ದವು. ಕಡೆಗೆ ಅವು 11 ಆದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಅವರು ಹಾರಿಸಿದ ಗುಂಡಿನಿಂದ ಯುದ್ಧ ಆರಂಭವಾಗಿ ನಾಲ್ಕು ವರ್ಷ ನಡೆದು, ಆರು ಲಕ್ಷಕ್ಕೂ ಮಿಕ್ಕಿ ಸೈನಿಕರು ಸತ್ತರು. ಯುದ್ಧ ಗುಲಾಮರ ಬಿಡುಗಡೆಗಾಗಿಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವೆಂದರೆ, ಹೊರಬಿದ್ದವರು ಹೊರಬಿದ್ದದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ. ಲಿಂಕನ್ನನು ಮೊದಲು ಕೈಹಾಕಿದ್ದು ಒಕ್ಕೂಟವನ್ನು ಉಳಿಸುವುದಕ್ಕಾಗಿ. ಯುದ್ಧ ನಡೆಯುತ್ತ ನಡೆಯುತ್ತ ಎರಡೂ ಒಂದೇ ಎಂಬುದು ಅವನಿಗೂ ದೇಶಕ್ಕೂ ಮನವರಿಕೆಯಾಯಿತು. 1863ರ ಜನವರಿ 1ರ ಘೋಷಣೆಯಿಂದ ಬಂಡಾಯದ ಸಂಸ್ಥಾನಗಳ ಗುಲಾಮರು ಸ್ವತಂತ್ರರೆಂದಾಯಿತು. ದೇಶದಲ್ಲೆಲ್ಲ ಗುಲಾಮಗಿರಿ ನಿಷೇಧವಾದದ್ದು 1865ರ ಡಿಸೆಂಬರಿನಲ್ಲಿ, ಸಂವಿಧಾನದ 13ನೆಯ ತಿದ್ದುಪಡಿಯಿಂದ. ಅದನ್ನು ಕಾಣಲು ಲಿಂಕನ್ನನಿರಲಿಲ್ಲ. ಆ ವರ್ಷದ ಏಪ್ರಿಲಿನಲ್ಲಿಯೇ ಅವನ ಕೊಲೆಯಾಗಿತ್ತು.

ಯುದ್ಧ ಸುರುವಾದ ಒಂದು ವಾರದೊಳಗೆ ಲಿಂಕನ್ನನು ದಕ್ಷಿಣದ ಬಂದರುಗಳಿಗೆ ಹಡಗುಗಳ ದಿಗ್ಬಂಧನ ಹಾಕಿದ. ಹತ್ತಿ ಹೊರಗೆ ಹೋಗುವುದು ನಿಂತಿತು. ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ಮುಚ್ಚಿ ಲಕ್ಷಾಂತರ ಕೆಲಸಗಾರರು ಬೀದಿಗೆ ಬಿದ್ದರು. ಆಗ ಎಲ್ಲರ ಕಣ್ಣು ತಿರುಗಿದ್ದು ಮುಂಬಯಿಯ ಕಡೆಗೆ. ಮುಂಬಯಿಯ ಕಣ್ಣು ತಿರುಗಿದ್ದು ಗುಜರಾತ, ವರ್ಹಾಡಗಳ ಕಡೆಗೆ ಮತ್ತು ನಮ್ಮ ಧಾರವಾಡದ ಎರೆಭೂಮಿಯ ಕಡೆಗೆ.

ಇಲ್ಲಿ ಒಂದು ಹೆಜ್ಜೆ ಹಿಂದೆ ಹೋಗಬೇಕು. ಧಾರವಾಡದಲ್ಲಿ ಅಮೆರಿಕದ ಹತ್ತಿ ಯುದ್ಧಕ್ಕೆ 20 ವರ್ಷ ಮೊದಲೇ ಬೇರೂರಿತ್ತು. ಅಮೆರಿಕವೊಂದನ್ನೇ ನೆಚ್ಚಿ ಕೂರುವುದು ಅಪಾಯವೆಂದು ಇಂಗ್ಲಿಷರಿಗೆ ಮೊದಲಿನಿಂದಲೂ ಗೊತ್ತಿತ್ತು. 1840ರಲ್ಲಿ ಕಂಪನಿ ಸರಕಾರ ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಹತ್ತಿ ಬೇಸಾಯ ಬಲ್ಲ 10 ಮಂದಿಯನ್ನು ಸಂಬಳ ಕೊಟ್ಟು ಕರೆಸಿತು. ಅವರಲ್ಲಿ ಮರ್ಸರ್ ಎಂಬವನು ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಸರಕಾರದ ಪ್ರಯೋಗದ ಹೊಲ ನೋಡಿಕೊಂಡ. ಆಗ ಧಾರವಾಡದ ಕಲೆಕ್ಟರನಾಗಿದ್ದ ಶಾ ಎಂಬವನು ನ್ಯೂ ಆರ್ಲಿಯನ್ಸಿನ ಬೀಜವನ್ನು ರೈತರಿಗೆ ಹಂಚಿ ಬಿತ್ತಿಸಿದ. ಗುಜರಾತಿನಲ್ಲಿಯೂ ಖಾನದೇಶದಲ್ಲಿಯೂ ಈ ಬೀಜ ನಿಲ್ಲಲಿಲ್ಲ. ಧಾರವಾಡ ಸೀಮೆಯಲ್ಲಿ ನಿಂತಿತು. ರೈತರು ಅದಕ್ಕೆ ವಿಲಾಯತಿ ಹತ್ತಿ ಎಂದರು. ತಮ್ಮ ಹಳೆಯದು ಜವಾರಿ ಹತ್ತಿ. ಪೇಟೆಯವರ ಬಾಯಲ್ಲಿ ಮೊದಲನೆಯದು 'ಧಾರವಾಡ-ಅಮೆರಿಕನ್', ಎರಡನೆಯದು 'ಕುಮಟಾ'. ಹತ್ತಿ ಬೆಳೆಯದ ಕುಮಟೆಯ ಹೆಸರು ಹತ್ತಿಗೆ ಬಂದದ್ದು ಅದು ಹಡಗು ಏರುತ್ತಿದ್ದ ಬಂದರಾದ್ದರಿಂದ.

ಮರ್ಸರನು ಎರಡು ಮೂರು ವರ್ಷ ಬೇಸಾಯ ಮಾಡಿಸಿ ನೋಡಿ 1845ರಲ್ಲಿ ಸರಕಾರಕ್ಕೆ ತಿಳಿಸಿದ್ದು ನೆನಪಿಡಬೇಕಾದ ಮಾತು. ಪ್ರಯೋಗದ ಹೊಲಗಳು ವೃಥಾ ಖರ್ಚು. ಅಮೆರಿಕದ ಪದ್ಧತಿ ಈ ದೇಶಕ್ಕೆ ಹೊಂದುವಂಥದಲ್ಲ. ಇಲ್ಲಿಯ ನೆಲವನ್ನೂ ಹವೆಯನ್ನೂ ಬಲ್ಲ ಇಲ್ಲಿಯ ರೈತನು ಯಾವ ಐರೋಪ್ಯನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ ಎಂಬುದು ಅದರ ತಾತ್ಪರ್ಯ. ಗುಲಾಮರ ದುಡಿಮೆಯ ನಾಡಿನಿಂದ ಪಾಠ ಹೇಳಲು ಬಂದವನು ಹೀಗೆ ಬರೆದುಕೊಟ್ಟನೆಂಬುದು ನಮ್ಮ ಹುಬ್ಬಳ್ಳಿ-ನವಲಗುಂದದ ಒಕ್ಕಲಿಗರಿಗೆ ಸಿಕ್ಕ ದೊಡ್ಡ ಪ್ರಶಸ್ತಿಪತ್ರ. ಅವರಿಗೆ ಅದನ್ನು ಓದಿ ಹೇಳಿದವರು ಯಾರೂ ಇರಲಿಕ್ಕಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಜವಾರಿ ಹತ್ತಿಯ ಕಾಳು ಬಿಡಿಸುವುದಕ್ಕೆ ನಮ್ಮ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸುತ್ತಿದ್ದರು. ವಿಲಾಯತಿ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಆ ಸಲಾಕೆಗೆ ಅದು ಬಗ್ಗಲಿಲ್ಲ. ವ್ಹಿಟ್ನಿಯ ಮಾದರಿಯ ಗರಗಸದ ಜಿನ್ನೇ ಬೇಕಾಯಿತು. ಅದಕ್ಕಾಗಿ ಧಾರವಾಡದಲ್ಲಿ ಸರಕಾರವೇ ಒಂದು ಕಾರ್ಖಾನೆ ನಡೆಸಿ ಜಿನ್ನುಗಳನ್ನು ತಯಾರಿಸಿ ಮಾರಿತು, ಕೆಟ್ಟದ್ದನ್ನು ದುರಸ್ತಿ ಮಾಡಿಕೊಟ್ಟಿತು. ಧಾರವಾಡದ ಬಡಗಿ-ಕಮ್ಮಾರರು ಅಮೆರಿಕದ ಯಂತ್ರವನ್ನು ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಹೀಗೆ. ಜಿನ್ನಿನಲ್ಲಿ ತೆಗೆದ ಧಾರವಾಡದ ಅರಳೆ ಲಿವರ್‌ಪೂಲಿನ ಪೇಟೆಯಲ್ಲಿ ಬೇರೆಯೇ ಹೆಸರಿನಿಂದ, ಬೇರೆಯೇ ದರದಲ್ಲಿ ಮಾರಾಟವಾಗುತ್ತಿತ್ತು.

ಲಿವರ್‌ಪೂಲಿನವರೆಗೆ ಹೋಗಬೇಕಾದರೆ ಅದು ಮೊದಲು ಘಟ್ಟ ಇಳಿಯಬೇಕು. ಹಿಂದೆ ಲಂಬಾಣಿಗಳ ಎತ್ತುಗಳ ಬೆನ್ನ ಮೇಲೆ ಇಳಿಯುತ್ತಿತ್ತು. ರಸ್ತೆಗಳಾದ ಮೇಲೆ ಬಂಡಿಗಳಲ್ಲಿ. ಸಿರ್ಸಿಯ ಮೇಲಿನಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದ ಹತ್ತಿ ಪತ್ತೇಮಾರಿ, ಮಚವೆಗಳಲ್ಲಿ ತುಂಬಿ ಮುಂಬಯಿಗೆ ಹೊರಡುತ್ತಿತ್ತು. ಕುಮಟೆಯದು ಬಯಲು ಬಂದರು, ಹಡಗಿಗೆ ಆಸರೆಯಿಲ್ಲ. ಮಳೆಗಾಲದಲ್ಲಿ ವ್ಯವಹಾರವೇ ನಿಲ್ಲುವುದು. ಕಾರವಾರದ ಕೊಲ್ಲಿ ಹಾಗಲ್ಲ, ದೊಡ್ಡ ಹಡಗುಗಳೂ ನಿಲ್ಲುವಂಥದು. ಧಾರವಾಡದ ಹತ್ತಿ ಅಲ್ಲಿಂದಲೇ ನೇರವಾಗಿ ಇಂಗ್ಲೆಂಡಿಗೆ ಹೋಗಲಿ ಎಂದು ಮ್ಯಾಂಚೆಸ್ಟರಿನ ಗಿರಣಿ ಮಾಲಿಕರು ಹಟ ಹಿಡಿದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಹತ್ತಿ ಒತ್ತಿ ಅಂಡಿಗೆ ಕಟ್ಟುವ ಯಂತ್ರಗಳನ್ನು ಹಡಗಿನಲ್ಲಿ ಸದಾಶಿವಗಡಕ್ಕೆ ಕಳುಹಿಸಿಯೇ ಬಿಟ್ಟರು. ಬಂದು ನೋಡಿದರೆ ಘಟ್ಟದ ರಸ್ತೆ ಮುಗಿದಿರಲಿಲ್ಲ!

ರಸ್ತೆ ಮುಗಿಯದಿರುವುದಕ್ಕೆ ಒಂದು ಕಾರಣ ಆಡಳಿತದ ಗೋಜಲು. ಧಾರವಾಡ ಮುಂಬಯಿ ಇಲಾಖೆಯಲ್ಲಿ, ಕಾರವಾರ-ಕುಮಟೆಗಳು ಮದ್ರಾಸ್ ಇಲಾಖೆಯಲ್ಲಿ. ಹತ್ತಿ ಬೇಕಾದದ್ದು ಮುಂಬಯಿಗೆ, ರಸ್ತೆ ಮಾಡಬೇಕಾದದ್ದು ಮದ್ರಾಸು. ಒಂದೇ ಜಿಲ್ಲೆಯಾಗಿದ್ದ ಕೆನರಾ ಆಗತಾನೆ ಉತ್ತರ, ದಕ್ಷಿಣ ಎಂದು ಎರಡಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲಿಯೇ ಉಳಿಯಿತು. ಹತ್ತಿಗೆ ಬಂದರು ಬೇಕೆಂಬ ಬೇಡಿಕೆ ಯುದ್ಧಕ್ಕಿಂತ ಹಳೆಯದು. ಆದರೆ ಯುದ್ಧದ ಅವಸರವಿಲ್ಲದಿದ್ದರೆ ಅದು ಇನ್ನೆಷ್ಟು ವರ್ಷ ಕಡತದಲ್ಲಿ ಮಲಗಿರುತ್ತಿತ್ತೋ. ಕಾರವಾರ ಬೆಳೆದು ಜಿಲ್ಲೆಯ ಮುಖ್ಯ ಊರಾಯಿತು. 1956ರ ನವೆಂಬರ್ 1ರವರೆಗೆ, ಅಂದರೆ 94 ವರ್ಷ, ಕಾರವಾರ, ಕುಮಟಾ, ಹೊನ್ನಾವರದವರಿಗೆ ಮುಂಬಯಿಯೇ ರಾಜಧಾನಿ. ಅಲ್ಲಿಯ ಹುಡುಗ ಮೆಟ್ರಿಕ್ಕಿಗೆ ಕಟ್ಟುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗೆ, ಅಪೀಲು ಒಯ್ಯುತ್ತಿದ್ದುದು ಮುಂಬಯಿ ಹೈಕೋರ್ಟಿಗೆ, ನೌಕರಿ ಹುಡುಕಿ ಹಡಗು ಹತ್ತುತ್ತಿದ್ದುದೂ ಮುಂಬಯಿಗೆ. ಅತ್ತ ಮಂಗಳೂರು, ಉಡುಪಿಯ ಹುಡುಗರ ಸರಕಾರ ಇದ್ದದ್ದು ಮದ್ರಾಸಿನಲ್ಲಿ. ಅವರೂ ಮುಂಬಯಿಗೆ ಬಂದರು, ಸಾವಿರಗಟ್ಟಲೆ ಬಂದರು. ಆದರೆ ಅವರು ಬಂದ ಕಥೆ ಬೇರೆ. ಅಮ್ಮನ ಊರು ಕುಮಟೆಯಾಗಿ ಮನೆ ಬಾಂದ್ರಾದಲ್ಲಿ ಇರುವುದಕ್ಕೆ ಅಮೆರಿಕದ ಯುದ್ಧವೂ ಒಂದು ಪಾಲು ಕಾರಣ ಎಂದರೆ ಅತಿಶಯವಲ್ಲವೆಂದು ನನ್ನ ಎಣಿಕೆ.

ಆ ನಾಲ್ಕು ವರ್ಷಗಳಲ್ಲಿ ಮುಂಬಯಿ ಕಂಡ ಐಶ್ವರ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಹತ್ತಿಯ ದರ ಮೂರು ಪಟ್ಟು, ನಾಲ್ಕು ಪಟ್ಟಾಯಿತು. ಬ್ರಿಟನ್ನಿಗೆ ಹೋದ ಹತ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಭಾರತದ್ದಾಯಿತು. ಜನ ಹಾಸಿಗೆಗಳನ್ನು ಹರಿದು ಒಳಗಿನ ಹಳೆ ಹತ್ತಿಯನ್ನು ಮಾರಿದರೆಂದು ಹೇಳುತ್ತಾರೆ. ಬಂದ ಹಣ ಎಲ್ಲಿ ಹಾಕಬೇಕೆಂದು ತಿಳಿಯದೆ ಬ್ಯಾಂಕುಗಳು, ಸಮುದ್ರ ತುಂಬಿಸುವ ಕಂಪನಿಗಳು ಅಣಬೆಗಳಂತೆ ಎದ್ದವು. ಬ್ಯಾಕ್ ಬೇ ತುಂಬಿಸುವ ಕಂಪನಿಯ ಐದು ಸಾವಿರ ರೂಪಾಯಿಯ ಶೇರು ಐವತ್ತು ಸಾವಿರದ ಆಸುಪಾಸಿಗೆ ಏರಿತು. ಈ ಎಲ್ಲ ಆಟದ ಸೂತ್ರಧಾರ ಪ್ರೇಮಚಂದ ರಾಯಚಂದ. ಸರ್ ಬಾರ್ಟ್ಲ್ ಫ್ರಿಯರನು ಕೋಟೆಯ ಗೋಡೆ ಕೆಡವಿಸಿ ಹೊಸ ನಗರಕ್ಕೆ ಜಾಗ ಮಾಡಿದ್ದೂ ಆಗಲೇ. ಗುಜರಾತಿನ ಹತ್ತಿ ತರಲೆಂದೇ ಹುಟ್ಟಿದ ಬಿ. ಬಿ. ಸಿ. ಐ. ರೈಲ್ವೆಯ ಹಳಿ 1864ರಲ್ಲಿ ಬಾಂದ್ರಾವನ್ನು ಹಾಯ್ದು ಮುಂಬಯಿಯ ಗ್ರಾಂಟ್ ರೋಡ್ ಮುಟ್ಟಿತು. ಚರ್ಚ್‌ಗೇಟಿನ ಲೋಕಲಿನಲ್ಲಿ ದಿನಾ ನೂಕುನುಗ್ಗಲಿನಲ್ಲಿ ನಿಲ್ಲುವ ನಮ್ಮವರು ನಿಂತಿರುವುದು ಹತ್ತಿಯ ಅಂಡಿಗೆಗಳಿಗೆಂದು ಹಾಕಿದ ದಾರಿಯ ಮೇಲೆ. ಬಾಂದ್ರಾದಿಂದ ಹಾರ್ಬರ್ ಲೈನಿನಲ್ಲಿ ಹೋಗುವವರಿಗೆ ಶಿವಡಿ ದಾಟಿದೊಡನೆ ಸಿಗುವ ಕಾಟನ್ ಗ್ರೀನ್ ಎಂಬ ಸ್ಟೇಷನ್ನಿನ ಹೆಸರೂ ಅದೇ ವ್ಯಾಪಾರದ್ದು. ಯುದ್ಧಕಾಲದಲ್ಲಿ ಆ ಹೆಸರಿನ ಬಯಲು ಕೊಲಾಬಾದಲ್ಲಿತ್ತು. ಹತ್ತಿಪೇಟೆ ಶಿವಡಿಯ ಕಡೆಗೆ ಬಂದದ್ದು 1920ರ ದಶಕದಲ್ಲಿ.

ಧಾರವಾಡದಲ್ಲಿ ಏನಾಯಿತು? ಹತ್ತಿ ಸೀಮೆಯ ರೈತರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರೆಂಬ ಕಥೆ ಇಂಗ್ಲಿಷರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥ ಕಥೆಗಳನ್ನು ಹೇಳುವವರು ಸಾಮಾನ್ಯವಾಗಿ ಕಂದಾಯ ವಸೂಲು ಮಾಡುವವರೇ ಆಗಿರುತ್ತಾರೆಂಬುದನ್ನು ಮರೆಯಬಾರದು. ಕೈಯಲ್ಲಿ ನಾಲ್ಕು ಕಾಸು ಆಡಿದ್ದು ನಿಜ. ಸಾಲ ತೀರಿಸಿದವರೂ ಮನೆ ಕಟ್ಟಿಸಿದವರೂ ಉಂಟು. ಅದರ ಜೊತೆಗೆ ಜೋಳದ ಬೆಲೆಯೂ ಏರಿತು. ಹೊಲವಿದ್ದವನಿಗೆ ಸುಗ್ಗಿ, ಕೂಲಿಯವನಿಗೆ ಬರ. ನಡುವೆ ಸರಕಾರ ಇನ್ನೊಂದು ಕೆಲಸ ಮಾಡಿತು. ಒಳ್ಳೆ ದರ ಬಂದಾಗ ವಿಲಾಯತಿ ಹತ್ತಿಗೆ ಜವಾರಿ ಬೆರೆಸುವುದು, ಅರಳೆಗೆ ಕಾಳು, ಕಸ ಸೇರಿಸಿ ತೂಕ ಮಾಡುವುದು ಹೆಚ್ಚಿತೆಂದು 1863ರಲ್ಲಿ ಹತ್ತಿ ಮೋಸದ ಕಾಯಿದೆ ತಂದು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಬೆರಕೆ ನಡೆಯುತ್ತಿದ್ದುದು ಸುಳ್ಳಲ್ಲ. ಆದರೆ ಐದು ಸಾವಿರದ ಕಾಗದವನ್ನು ಐವತ್ತು ಸಾವಿರಕ್ಕೆ ಮಾರಿದವರನ್ನು ಹಿಡಿಯಲು ಆ ದಿನಗಳಲ್ಲಿ ಯಾವ ಇನ್‌ಸ್ಪೆಕ್ಟರನೂ ಇರಲಿಲ್ಲ.

ಲ್ಯಾಂಕಶೈರಿನ ಕೆಲಸಗಾರರಿಗೂ ಈ ಹತ್ತಿ ಹಿಡಿಸಲಿಲ್ಲ. ಭಾರತದ ಹತ್ತಿಗೆಲ್ಲ ಅವರು 'ಸೂರತ್' ಎಂದೇ ಹೆಸರಿಟ್ಟಿದ್ದರು. ಅದರ ಎಳೆ ಗಿಡ್ಡ, ಮಗ್ಗದಲ್ಲಿ ಮತ್ತೆ ಮತ್ತೆ ಕಡಿಯುವುದು. ತೂಕದ ಮೇಲೆ ಕೂಲಿ ಪಡೆಯುವವರಿಗೆ ನಷ್ಟ. ದೇವರೇ ಹತ್ತಿ ಕೊಡು, ಸೂರತ್ ಮಾತ್ರ ಬೇಡ ಎಂದು ಅವರು ಪ್ರಾರ್ಥಿಸುತ್ತಿದ್ದರೆಂಬ ಹಾಸ್ಯ ಪ್ರಸಿದ್ಧ. ಹೀಗೆ ಹೊಟ್ಟೆಗಿಲ್ಲದಿದ್ದರೂ 1862ರ ಕೊನೆಯ ದಿನ ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿದ ಕೆಲಸಗಾರರು ಗುಲಾಮಗಿರಿಯ ವಿರುದ್ಧ ಲಿಂಕನ್ನನಿಗೆ ಬೆಂಬಲದ ಪತ್ರ ಬರೆದರು. ಮರುತಿಂಗಳು ಅವನು ಉತ್ತರಿಸಿ ಅವರನ್ನು ಕೊಂಡಾಡಿದ. ದಿಗ್ಬಂಧನ ಮುರಿಯಿರಿ ಎಂದು ತಮ್ಮ ಸರಕಾರವನ್ನು ಒತ್ತಾಯಿಸಿದ್ದರೆ ಅವರಿಗೆ ಬೇಗನೆ ಕೆಲಸ ಸಿಕ್ಕುತ್ತಿತ್ತು. ಅವರು ಹಾಗೆ ಕೇಳಲಿಲ್ಲ. ಈ ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹಿಡಿದ ಸಂಗತಿ ಇದು.

1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಸುದ್ದಿ ಮುಂಬಯಿ ಮುಟ್ಟಿದೊಡನೆ ಹತ್ತಿಯ ದರ ಕುಸಿಯಿತು. ವಾಯಿದೆ ವ್ಯವಹಾರಗಳನ್ನೆಲ್ಲ ತೀರಿಸಬೇಕಾಗಿದ್ದ ಜುಲೈ 1ನೆಯ ತಾರೀಖು ನಗರದ ಕರಾಳ ದಿನವೆನಿಸಿತು. ಪ್ರೇಮಚಂದನೂ ಮುಳುಗಿದ, ಬ್ಯಾಂಕುಗಳೂ ಮುಳುಗಿದವು. ಅವನು ತಾಯಿಯ ಹೆಸರಿನಲ್ಲಿ ಕೊಟ್ಟ ಹಣದ ರಾಜಾಬಾಯಿ ಗೋಪುರ ಮಾತ್ರ 1878ರಲ್ಲಿ ಪೂರ್ತಿಯಾಗಿ ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಂತಿದೆ. ಮುಂಬಯಿ ಬೇಗನೆ ಚೇತರಿಸಿಕೊಂಡಿತು. ಹಳ್ಳಿಗಳಿಗೆ ಆ ಭಾಗ್ಯವಿರಲಿಲ್ಲ. ಹತ್ತಿಯ ದರ ಇಳಿದು ಹತ್ತು ವರ್ಷವಾಗುವಷ್ಟರಲ್ಲಿ, 1876ರಿಂದ 1878ರವರೆಗೆ, ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಘೋರ ಬರಗಾಲ ಸುಟ್ಟಿತು. ಕುಮಟಾ, ಕಾರವಾರಗಳ ಏಳಿಗೆಯೂ ಹೆಚ್ಚು ದಿನ ನಡೆಯಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ-ಧಾರವಾಡಗಳಿಗೆ ಬಂದು, ಗೋವೆಯ ಮಾರ್ಮಗೋವಾ ಬಂದರಿಗೆ ದಾರಿಯಾದ ಮೇಲೆ ಹತ್ತಿ ಘಟ್ಟದ ಬಂಡಿಯನ್ನು ಬಿಟ್ಟು ಗಾಡಿ ಏರಿತು. ಒಂದು ಕಾಲದಲ್ಲಿ ಮ್ಯಾಂಚೆಸ್ಟರಿನವರು ಹಂಬಲಿಸಿದ ಕಾರವಾರ ರೈಲು ಕಾಣಲು ಕೊಂಕಣ ರೈಲ್ವೆಯವರೆಗೆ, ಅಂದರೆ 1990ರ ದಶಕದವರೆಗೆ, ಕಾಯಬೇಕಾಯಿತು. ಹತ್ತಿ ಹೋಗುವುದು ನಿಂತ ಬಂದರುಗಳಿಂದ ಜನ ಹೊರಟರು. ಮುಂಬಯಿಯ ದಾರಿ ಅವರಿಗೆ ಗೊತ್ತಿದ್ದದ್ದೇ.

ಬಿಡುಗಡೆಯಾದ ಗುಲಾಮರ ಗತಿಯೇನು ಎಂದು ಮಕ್ಕಳು ಕೇಳಿದರೆ ಮುಚ್ಚಿಡದೆ ಹೇಳಬೇಕು. ಕಾಗದದ ಮೇಲೆ ಸ್ವತಂತ್ರರಾದರೂ ಭೂಮಿ ಸಿಗಲಿಲ್ಲ. ಬಹಳ ಮಂದಿ ಹಳೆಯ ಧಣಿಗಳ ಹೊಲದಲ್ಲಿಯೇ ಪಾಲಿನ ಬೇಸಾಯ ಮಾಡುತ್ತ ಸಾಲದಲ್ಲಿ ಉಳಿದರು. ಅಂಗಡಿಯ ಸಾಲ, ಬೆಳೆಯ ಮೇಲೆ ಮುಂಗಡ, ಸುಗ್ಗಿಯಲ್ಲಿ ಲೆಕ್ಕ ತೀರದೆ ಮುಂದಿನ ವರ್ಷಕ್ಕೆ ದಾಟುವುದು: ಇದನ್ನೆಲ್ಲ ನಮ್ಮ ಗದಗ-ರೋಣದ ರೈತನಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದರೂ ಆ ಬಿಡುಗಡೆಯ ಸುದ್ದಿಯನ್ನು ಬೇರೆಯ ಕಿವಿಯಿಂದ ಕೇಳಿದವರೂ ಇಲ್ಲಿದ್ದರು. ಪುಣೆಯ ಜೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ ತಮ್ಮ 'ಗುಲಾಮಗಿರಿ' ಎಂಬ ಮರಾಠಿ ಪುಸ್ತಕವನ್ನು ಗುಲಾಮಗಿರಿಯನ್ನು ತೊಡೆದುಹಾಕಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಜಾತಿಯ ನೊಗ ಹೊತ್ತ ತಮ್ಮ ಬಾಂಧವರ ಬಿಡುಗಡೆಗೆ ಅದು ಮೇಲ್ಪಂಕ್ತಿಯಾಗಲಿ ಎಂಬುದು ಅವರ ಆಶಯ. ಮುಂಬಯಿಯ ಸೇಠರು ಅಮೆರಿಕದ ಯುದ್ಧದಲ್ಲಿ ಹತ್ತಿಯ ದರವನ್ನು ಕಂಡರು. ಫುಲೆಯವರು ಕಂಡದ್ದು ಇನ್ನೊಂದನ್ನು.

ಇಷ್ಟೆಲ್ಲ ಆದ ಮೇಲೆ ಧಾರವಾಡದ ನೆಲದಲ್ಲಿ ಉಳಿದದ್ದು ಬೀಜ. ನ್ಯೂ ಆರ್ಲಿಯನ್ಸಿನಿಂದ ಬಂದ ವಿಲಾಯತಿ ಹತ್ತಿಯಿಂದ ಆಯ್ದು ಬೆಳೆಸಿದ ತಳಿಯೇ ಮುಂದೆ ಗದಗ-1 ಎಂದು ಹೆಸರಾಯಿತು. ಅದನ್ನು ಕೊಯಮತ್ತೂರಿನ ಕಾಂಬೋಡಿಯ ಹತ್ತಿಯೊಡನೆ ಕೂಡಿಸಿ ಲಕ್ಷ್ಮಿ ಎಂಬ ತಳಿ ಮಾಡಿದರು. 1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಬಿ. ಎಚ್. ಕಟರಕಿಯವರು ಅದೇ ಲಕ್ಷ್ಮಿಯನ್ನು ಉದ್ದನೆಯ ಎಳೆಯ ಮತ್ತೊಂದು ಜಾತಿಯ ಹತ್ತಿಯೊಡನೆ ಸಂಕರಿಸಿ ಹೊರತಂದದ್ದು ವರಲಕ್ಷ್ಮಿ. ಆ ವರ್ಷಗಳಲ್ಲಿ ಊರಿನಿಂದ ಮುಂಬಯಿಗೆ ಬಂದ ನೆಂಟರು ವರಲಕ್ಷ್ಮಿ ಹತ್ತಿಯ ದರದ ಮಾತು ಎತ್ತದೆ ಹಿಂತಿರುಗಿದ್ದಿಲ್ಲ. ಅದನ್ನು ಬೆಳೆದು ಮನೆ ಕಟ್ಟಿಸಿದವರೂ ಮಕ್ಕಳ ಮದುವೆ ಮಾಡಿದವರೂ ಇದ್ದಾರೆ. ಕುಸುಗಲ್ಲಿನ ಹೊಲದಲ್ಲಿ ನಿಂತಿದ್ದ ಮರ್ಸರನ ಹೆಸರನ್ನು ಅವರಲ್ಲಿ ಯಾರೂ ಕೇಳಿರಲಾರರು.